ಟ್ಯಾಂಕ್ ತುಂಬಿದೆ, ತಾಮ್ರದ ಬಾಯ್ಲರ್‌ಗೆ ಮಾತ್ರ ನೀರು ಇಳಿಯುತ್ತಿಲ್ಲ. ಎಲ್ಲಿಂದ ಹುಡುಕಲಿ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆಯ ತೋಟದ ಮನೆ ನಮ್ಮದು. ಬಚ್ಚಲಲ್ಲಿ ಸೌದೆ ಹಾಕಿ ಕಾಯಿಸುವ ತಾಮ್ರದ ಬಾಯ್ಲರ್ ಇದೆ, ಅಪ್ಪ ಮಾಡಿಸಿದ್ದು. ಮಟ್ಟೆ, ಕರಟ, ಒಣಗರಿ ಯಾವುದಕ್ಕೂ ಬರ ಇಲ್ಲ. ಕರೆಂಟ್ ನಂಬಿಕೊಂಡು ಗೀಸರ್ ಹಾಕಿಸುವ ಮನಸ್ಸೂ ಇಲ್ಲ.

ಮೇಲೆ ಸಿಂಟೆಕ್ಸ್ ಟ್ಯಾಂಕ್. ಅಲ್ಲಿಂದ ಒಂದು ಜಿಐ ಪೈಪ್ ಇಳಿದು, ಗೋಡೆ ಪಕ್ಕ ಒಂದು ಗೇಟ್ ವಾಲ್ ದಾಟಿ, ಬಾಯ್ಲರ್ ತಳಕ್ಕೆ ಸೇರುತ್ತದೆ. ಬಿಸಿನೀರು ಬಾಯ್ಲರ್ ತಲೆಯ ಹತ್ತಿರದಿಂದ ಹೊರಟು ನಲ್ಲಿಗೆ ಬರುತ್ತದೆ. ತಲೆಯಿಂದಲೇ ಇನ್ನೊಂದು ಸಣ್ಣ ಪೈಪ್ ಮಾಡು ತೂರಿಕೊಂಡು ಮೇಲೆ ಹೋಗಿದೆ, ಅದರ ತುದಿ ತೆರೆದೇ ಇದೆ. ತಳದಲ್ಲಿ ಒಂದು ಹಿತ್ತಾಳೆ ನಲ್ಲಿ ಇದೆ, ಅದನ್ನು ಯಾರೂ ಮುಟ್ಟಿಲ್ಲ.

ಹೋದ ವಾರ ಟ್ಯಾಂಕ್ ತೊಳೆಸಿದೆವು. ಅಲ್ಲಿಂದ ಶುರು. ಬಿಸಿನೀರಿನ ನಲ್ಲಿ ತಿರುಗಿಸಿದರೆ ಗೊರಗೊರ ಅಂತ ಸದ್ದು, ಒಂದೆರಡು ಚೊಂಬು ನೀರು, ಆಮೇಲೆ ಬರೀ ಹಬೆ. ಪಕ್ಕದ ತಣ್ಣೀರಿನ ನಲ್ಲಿ ಚೆನ್ನಾಗಿಯೇ ಬರುತ್ತಿದೆ. ಊರಿನ ಪ್ಲಂಬರ್ ಬಂದು ಎರಡು ಸಲ ಬಡಿದು ನೋಡಿ, "ಇದು ಮುಗಿದ ಕಥೆ, ಸ್ಟೀಲಿಂದು ತಗೊಳ್ಳಿ" ಅಂದುಬಿಟ್ಟರು. ತಾಮ್ರಕ್ಕೆ ತೂತಿಲ್ಲ, ಸೋರಿಕೆ ಇಲ್ಲ. ಸುಮ್ನೆ ಯಾಕೆ ಬಿಸಾಡಬೇಕು ಅಲ್ವಾ? ಸದ್ಯಕ್ಕೆ ಅಮ್ಮ ಹಿತ್ತಲಲ್ಲಿ ಹಂಡೆ ಇಟ್ಟು ಕಾಯಿಸುತ್ತಿದ್ದಾರೆ.

ಹಳೇಫಿಟ್ಟರ್:
ತಮ್ಮಾ, ಮೊದಲನೇ ಮಾತು: ಇದು ಬಗೆಹರಿಯುವವರೆಗೆ ಬಾಯ್ಲರ್ ಕೆಳಗೆ ಒಂದು ಕಡ್ಡಿ ಬೆಂಕಿಯೂ ಬೇಡ. ಹಬೆ ಬಂತು ಅಂದಿರಲ್ಲ, ನನಗೆ ಭಯ ಆಗಿದ್ದು ಅದಕ್ಕೇ. ನೀರಿಲ್ಲದ ಬಾಯ್ಲರ್‌ಗೆ ಬೆಂಕಿ ಹಾಕಿದರೆ ತಾಮ್ರ ಕರಗುವುದಿಲ್ಲ, ಅದಕ್ಕೆ 1085 ಡಿಗ್ರಿ ಬೇಕು. ಆದರೆ ಬೆಸುಗೆಗೆ ತವರ ಹಾಕಿದ್ದರೆ ಅದು 232 ಡಿಗ್ರಿಗೇ ಇಳಿದು ಹೋಗುತ್ತದೆ. ಇನ್ನೂ ಕೆಟ್ಟದ್ದು, ಕೆಂಪಗೆ ಕಾದ ತಾಮ್ರದ ಮೇಲೆ ತಣ್ಣೀರು ಏಕಾಏಕಿ ನುಗ್ಗುವುದು. ನೀರು ಹಬೆಯಾದರೆ ಸುಮಾರು 1600 ಪಟ್ಟು ಜಾಗ ಕೇಳುತ್ತದೆ. ಪಕ್ಕದಲ್ಲಿ ನಿಂತವರ ಗತಿ ಏನು?

ಈಗ ನಿಮ್ಮ ಬಾಯ್ಲರ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಬಿಸಿನೀರು ತಾನಾಗಿ ಹೊರಗೆ ಬರುವುದಿಲ್ಲ. ತಳದಿಂದ ತಣ್ಣೀರು ಒಳಗೆ ಬಂದಷ್ಟು, ಮೇಲಿನ ಬಿಸಿನೀರನ್ನು ಹೊರಗೆ ತಳ್ಳುತ್ತದೆ. ತಣ್ಣೀರು ನಿಂತರೆ ಬಿಸಿನೀರೂ ನಿಲ್ಲುತ್ತದೆ. ಅಂದರೆ ನಲ್ಲಿಯಲ್ಲಿ ನೀರು ಬರದಿದ್ದರೂ ಬಾಯ್ಲರ್ ಹೊಟ್ಟೆಯಲ್ಲಿ ನೀರು ಇರಬಹುದು. ಅದಕ್ಕೇ ತಳದ ಹಿತ್ತಾಳೆ ನಲ್ಲಿಗೆ ಬಕೆಟ್ ಇಟ್ಟು ತೆರೆಯಿರಿ. ನೀರು ಬಂದರೆ ಖುಷಿ ಪಡಿ, ಬಾಯ್ಲರ್ ಒಣಗಿಲ್ಲ. ಪೂರ್ತಿ ಖಾಲಿಯಾಗುವವರೆಗೆ ಬಿಟ್ಟು, ಕೊನೆಗೆ ಸಣ್ಣಗಾದರೂ ಹರಿಯುತ್ತಲೇ ಇದೆಯೋ, ಪೂರಾ ನಿಲ್ಲುತ್ತದೋ ಹೇಳಿ. ಹರಿಯುತ್ತಲೇ ಇದ್ದರೆ ಅಷ್ಟು ನೀರು ಟ್ಯಾಂಕಿನಿಂದ ಬರುತ್ತಿದೆ ಅಂತ ಲೆಕ್ಕ.

ಇನ್ನೊಂದು ಪ್ರಶ್ನೆ. ಟ್ಯಾಂಕ್ ತೊಳೆಯುವಾಗ ಆ ಗೇಟ್ ವಾಲ್ ಮುಚ್ಚಿದ್ದರಾ?

ಬೋರ್‌ನೀರು:
ನಾನು ಅರಸೀಕೆರೆ ಕಡೆಯವನು. ನಮ್ಮ ಭಾಗದ ಬೋರ್ ನೀರಿನಲ್ಲಿ ಗಡಸು ಜಾಸ್ತಿ, ಹಾಗಾಗಿ ಮೊದಲ ಅನುಮಾನ ಸುಣ್ಣದ ಪದರದ ಮೇಲೆ. ಕುಡಿಯುವ ನೀರಿಗೆ ಐಎಸ್ 10500 (ಭಾರತೀಯ ಮಾನಕ) ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲ ಅಂದರೆ 600ರವರೆಗೆ ಬಿಡುತ್ತಾರೆ. ನೀರು ಕಾದ ಕಡೆಯೇ ಸುಣ್ಣ ಕೂರುವುದು. ಟ್ಯಾಂಕಲ್ಲಿ ಅಲ್ಲ, ತಣ್ಣಗಿರುವ ಪೈಪಲ್ಲಿ ಅಲ್ಲ. ನಮ್ಮ ಮನೆಯ ಬಾಯ್ಲರ್ ತಳ ಬಿಚ್ಚಿದಾಗ ಚಕ್ಕೆ ಚಕ್ಕೆಯಾಗಿ ಬಂತು.

ಮಲೆನಾಡಗಿತ್ತಿ:
ತೋಟದಮನೆಯವರೇ, ನಮ್ಮಲ್ಲಿ ಇದೇ ತರಹ ಆಗಿದ್ದಾಗ ಅದು ಗಾಳಿ ಕಟ್ಟಿಕೊಂಡದ್ದು, ಅಷ್ಟೇ. ಟ್ಯಾಂಕ್ ಖಾಲಿ ಮಾಡಿದಾಗ ಪೈಪಿಗೆ ಗಾಳಿ ಸೇರುತ್ತದೆ. ಪೈಪ್ ಎಲ್ಲಾದರೂ ಬಾಗಿಲ ಮೇಲೆ ಹತ್ತಿ ಇಳಿದಿದ್ದರೆ, ಆ ಏರಿನಲ್ಲಿ ಗಾಳಿ ಕೂತುಬಿಡುತ್ತದೆ. ಟ್ಯಾಂಕ್ ಎತ್ತರದಲ್ಲಿದ್ದರೆ ನೀರೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಗಿಡ್ಡ ಕಟ್ಟೆಯ ಮೇಲಿದ್ದರೆ ಅಷ್ಟು ಬಲ ಇರುವುದಿಲ್ಲ.

ನಾವು ಮಾಡಿದ್ದು ಇಷ್ಟೇ. ಒಂದು ರಬ್ಬರ್ ಪೈಪನ್ನು ತಣ್ಣೀರ ನಲ್ಲಿಯಿಂದ ಬಿಸಿನೀರ ನಲ್ಲಿಗೆ ಬಿಗಿಯಾಗಿ ಸಿಕ್ಕಿಸಿ ಎರಡೂ ತೆರೆದೆವು. ನೀರು ಹಿಂದಿನಿಂದ ಒಳಗೆ ಹೋಗಿ ಗಾಳಿಯನ್ನು ಮೇಲಕ್ಕೆ ಎಬ್ಬಿಸಿತು.

ಹಳೇಫಿಟ್ಟರ್:
ಅಕ್ಕ ಹೇಳಿದ ಉಪಾಯ ಸರಿ, ಆದರೆ ಎರಡು ಮಾತು ಸೇರಿಸುತ್ತೇನೆ. ಎರಡು ನಲ್ಲಿಗೂ ಒಂದೇ ಟ್ಯಾಂಕಿನ ನೀರಾದರೆ ತಳ್ಳುವ ಬಲ ಕಡಿಮೆ. ಬಲ ಸಾಲದು ಅಂತ ಮೋಟರ್ ಪೈಪನ್ನು ನೇರ ಬಾಯ್ಲರ್‌ಗೆ ಕೊಡಲು ಹೋಗಬೇಡಿ. ಈ ಬಾಯ್ಲರ್ ಒತ್ತಡಕ್ಕೆ ಮಾಡಿದ್ದಲ್ಲ. ಹತ್ತು ಮೀಟರ್ ಎತ್ತರದ ನೀರು ಅಂದರೆ ಸುಮಾರು ಒಂದು ಬಾರ್ ಒತ್ತಡ. ಮನೆ ಮೇಲಿನ ಟ್ಯಾಂಕ್ ಕೊಡುವುದು ಅದರಲ್ಲಿ ಕಾಲು ಭಾಗ, ಮೂರನೇ ಒಂದು ಭಾಗ. ಮೋಟರ್ ಕೊಡುವುದು ಅದರ ಎಷ್ಟೋ ಪಟ್ಟು.

ಮಾಡು ಮೇಲಿನ ಗಾಳಿ ಪೈಪ್ ತೆರೆದಿದೆಯೋ ಇಲ್ಲವೋ ನೋಡದೆ ಹಿಂದಿನಿಂದ ನೀರು ನುಗ್ಗಿಸಲೂ ಬೇಡಿ.

ರೆಡಿಂಗ್‌ರಾಯ:
ದಾರಿ ತಪ್ಪಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಬಾಯ್ಲರ್ ಅಂದರೆ ಗೋಡೆಗೆ ನೇತು ಹಾಕಿದ ಗ್ಯಾಸ್ ಕಾಂಬಿ, ಮನೆ ಬೆಚ್ಚಗಿಡುವುದೂ ಬಿಸಿನೀರು ಕೊಡುವುದೂ ಅದೇ. ಒತ್ತಡದ ಮುಳ್ಳು 0.4 ಬಾರ್‌ಗೆ ಇಳಿದಿದೆ, ಹೀಟಿಂಗ್ ಆನ್ ಆಗುತ್ತಿಲ್ಲ. ಕೆಳಗಿನ ಫಿಲ್ಲಿಂಗ್ ಲೂಪ್, ಅಂದರೆ ನೀರು ತುಂಬುವ ಸಣ್ಣ ಪೈಪ್, ತೆರೆದರೂ ಮುಳ್ಳು ಅಲ್ಲಾಡುತ್ತಿಲ್ಲ. ಮನೆಯಲ್ಲಿ ಚಿಕ್ಕ ಮಗು ಇದೆ. ಇದೇ ಸಮಸ್ಯೆಯ ತಮ್ಮನೋ ಅಣ್ಣನೋ ಅನಿಸಿ ಕೇಳಿದೆ.

ಲೀಡ್ಸ್‌ಲಿಂಗ:
ರಾಯರೇ, ಲೂಪ್‌ನ ಎರಡು ತುದಿಗೂ ಒಂದೊಂದು ವಾಲ್ ಇರುತ್ತದೆ. ಒಂದನ್ನೇ ತಿರುಗಿಸಿ ಕಾಯುತ್ತಾ ಕೂರುವವರೇ ಜಾಸ್ತಿ. ಎರಡನ್ನೂ ನಿಧಾನವಾಗಿ ತೆರೆಯಿರಿ. ಕೆಲವದಕ್ಕೆ ಹಿಡಿಕೆ ಇಲ್ಲ, ಸ್ಕ್ರೂಡ್ರೈವರ್ ಗೀರು ಅಷ್ಟೇ ಇರುತ್ತದೆ. ತಣ್ಣಗಿರುವಾಗ 1ರಿಂದ 1.5 ಬಾರ್ ಬಂದರೆ ಸಾಕು, ಎರಡೂ ಮುಚ್ಚಿ. 3 ಬಾರ್ ಮುಟ್ಟಿದರೆ ಸೇಫ್ಟಿ ವಾಲ್ ಹೊರಗೆ ಸುರಿಸಿಬಿಡುತ್ತದೆ.

ಸದ್ದೇ ಇಲ್ಲ ಅಂದರೆ ಅಡುಗೆ ಮನೆ ನಲ್ಲಿಯಲ್ಲಿ ನೀರಿನ ರಭಸ ಹೇಗಿದೆ ನೋಡಿ, ಮನೆಯ ಸ್ಟಾಪ್‌ಕಾಕ್ (ಮುಖ್ಯ ವಾಲ್) ಅರ್ಧ ಮುಚ್ಚಿರಬಹುದು. ಲೂಪ್‌ನಲ್ಲಿ ನೀರು ಹರಿಯುವ ಸದ್ದು ಬಂದು ಒಂದೆರಡು ನಿಮಿಷಕ್ಕೆ ನಿಂತಿತು, ಮುಳ್ಳು ಮಾತ್ರ ಅಲ್ಲೇ ಇದೆ ಅಂದರೆ ಮುಳ್ಳಿನ ಹಿಂದಿನ ಸಣ್ಣ ಕೊಳವೆ ಕಟ್ಟಿರಬಹುದು. ಒಂದು ರೇಡಿಯೇಟರ್‌ನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ನೀರು ಜೋರಾಗಿ ಚಿಮ್ಮಿದರೆ ಒತ್ತಡ ಇದೆ, ಮುಳ್ಳು ಸುಳ್ಳು ಹೇಳುತ್ತಿದೆ. ಸದ್ದು ನಿಲ್ಲುತ್ತಲೇ ಇಲ್ಲ ಅಂದರೆ ಎಲ್ಲೋ ಸೋರುತ್ತಿದೆ, ತಕ್ಷಣ ಮುಚ್ಚಿ.

ಇದಕ್ಕಿಂತ ಮುಂದೆ ಹೋಗಬೇಡಿ. ಬಾಯ್ಲರ್‌ನ ಮುಚ್ಚಳ ಬಿಚ್ಚುವುದು ನಮ್ಮ ಕೆಲಸ ಅಲ್ಲ. ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಯಬೇಕು, ಕಾರ್ಡ್ ತೋರಿಸಿ ಅಂತ ಕೇಳಿ. ಯಾರಾದರೂ ಹಳೆಯ ಕಾರ್ಗಿ ಕಾರ್ಡ್ ತೋರಿಸಿದರೆ ಒಪ್ಪಬೇಡಿ, ಅದರ ಜಾಗಕ್ಕೆ 2009ರ ಏಪ್ರಿಲ್‌ನಲ್ಲೇ ಗ್ಯಾಸ್ ಸೇಫ್ ಬಂದಿದೆ.

ತೋಟದಮನೆ:
ಫಿಟ್ಟರ್ ಸಾರ್, ನೀವು ಹೇಳಿದ ಹಾಗೆ ತಳದ ನಲ್ಲಿ ತೆರೆದೆ. ಬಕೆಟ್ ಮೇಲೆ ಬಕೆಟ್ ಬಂತು, ಕೆಂಪು ಗಸಿ ಬೇರೆ. ಆಮೇಲೆ ಪೂರ್ತಿ ನಿಂತಿತು. ಒಂದು ಹನಿಯೂ ಇಲ್ಲ. ಹೌದು, ಟ್ಯಾಂಕ್ ತೊಳೆಯಲು ಬಂದ ಹುಡುಗರು ಗೇಟ್ ವಾಲ್ ಮುಚ್ಚಿದ್ದರಂತೆ, ಆಮೇಲೆ ತೆರೆದರಂತೆ. ಈಗ ಅದರ ಚಕ್ರ ಎಷ್ಟು ಬೇಕಾದರೂ ತಿರುಗುತ್ತದೆ, ಎರಡೂ ಕಡೆಗೆ.

ಮಾಡು ಹತ್ತಿ ಗಾಳಿ ಪೈಪೂ ನೋಡಿದೆ. ಕಣಜ ಮಣ್ಣಿನ ಗೂಡು ಕಟ್ಟಿದೆ! ಪೂರ್ತಿ ಮುಚ್ಚಿಲ್ಲ, ಅರ್ಧಕ್ಕೂ ಜಾಸ್ತಿ. ಕಡ್ಡಿ ಹಾಕಿ ಕೆರೆದು ತೆಗೆದೆ. ಇದೇ ಕಾರಣ ಇರಬಹುದಾ?

ಹಳೇಫಿಟ್ಟರ್:
ಗೂಡು ತೆಗೆದದ್ದು ಬಹಳ ಒಳ್ಳೆಯದಾಯಿತು. ಆ ಪೈಪ್ ಪೂರ್ತಿ ಮುಚ್ಚಿ ಹೋಗಿ, ಕೆಳಗೆ ಬೆಂಕಿ ಉರಿಯುತ್ತಿದ್ದಿದ್ದರೆ ನಾವು ಈ ಮಾತು ಆಡುತ್ತಿರಲಿಲ್ಲ. ಆದರೆ ನೀರು ತುಂಬದಿರಲು ಕಾರಣ ಅದಲ್ಲ. ಗಾಳಿ ಪೈಪ್ ಕಟ್ಟಿದ್ದರೂ ಬಿಸಿನೀರ ನಲ್ಲಿ ತೆರೆದಿಟ್ಟರೆ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ, ಬಾಯ್ಲರ್ ತುಂಬಲೇಬೇಕು. ನಲ್ಲಿ ತೆರೆದರೂ ತುಂಬುತ್ತಿಲ್ಲ ಅಂದರೆ ತಣ್ಣೀರ ದಾರಿಯಲ್ಲೇ ತಡೆ ಇದೆ.

ಚಕ್ರ ಸುಮ್ಮನೆ ತಿರುಗುತ್ತದೆ ಅಂದಿರಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ವರ್ಷಗಟ್ಟಲೆ ತಿರುಗಿಸದ ಗೇಟ್ ವಾಲನ್ನು ಮುಚ್ಚಿದರೆ ಒಳಗಿನ ತಗಡು ಕೆಳಗೆ ಕಚ್ಚಿಕೊಳ್ಳುತ್ತದೆ. ತೆರೆಯಲು ಹೋದಾಗ ದಂಡ ಮಾತ್ರ ಮೇಲೆ ಬರುತ್ತದೆ, ತಗಡು ಅಲ್ಲೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ವಾಲ್ ತೆರೆದ ಹಾಗೇ ಕಾಣುತ್ತದೆ. ಹುಡುಗರ ತಪ್ಪೂ ಅಲ್ಲ.

ಟ್ಯಾಂಕಿನ ಬುಡದಲ್ಲಿ ನೀರು ನಿಲ್ಲಿಸಿ. ಗೇಟ್ ವಾಲ್ ಪಕ್ಕ ಯೂನಿಯನ್ (ಬಿಚ್ಚಿ ಸೇರಿಸುವ ಜೋಡಣೆ) ಇರಬೇಕು, ಅದನ್ನು ಬಿಚ್ಚಿ, ಬಕೆಟ್ ಹಿಡಿದು ಮೇಲಿನ ನೀರು ಬಿಡಿ. ವಾಲ್‌ವರೆಗೆ ನೀರು ಬಂದು ಅದರಾಚೆ ಬರದಿದ್ದರೆ ಗೇಟ್ ವಾಲ್ ತೆಗೆದು ಬಾಲ್ ವಾಲ್ ಹಾಕಿ. ಹಿಡಿಕೆ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಕಣ್ಣಿಗೇ ಕಾಣುತ್ತದೆ, ಅನುಮಾನಕ್ಕೆ ಜಾಗವೇ ಇಲ್ಲ.

ಸೋಲಾರ್‌ಸೀನ:
ವಾಲ್ ಬದಲಾಯಿಸುವಾಗ ಹಾಗೇ ಒಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್) ಕೂಡ ಹಾಕಿಸಿಬಿಡಿ. ಬಿಸಿನೀರು ವಾಪಸ್ ಟ್ಯಾಂಕಿಗೆ ಹೋಗುವುದು ತಪ್ಪುತ್ತದೆ. ಸೋಲಾರ್ ಲೈನಿಗೆ ನಾವು ಹಾಕುತ್ತೇವೆ.

ಹಳೇಫಿಟ್ಟರ್:
ಸೀನಣ್ಣ, ಇಲ್ಲಿ ಬೇಡ. ಒಂದು, ಸ್ಪ್ರಿಂಗ್ ಇರುವ ಎನ್‌ಆರ್‌ವಿ ತೆರೆಯಲು ಸ್ವಲ್ಪವಾದರೂ ಒತ್ತಡ ಬೇಕು. ಟ್ಯಾಂಕ್ ಗಿಡ್ಡ ಇದ್ದರೆ ಇರುವ ಬಲದಲ್ಲಿ ಒಂದು ಪಾಲನ್ನು ಅದೇ ತಿಂದು ಹಾಕುತ್ತದೆ. ಎರಡು, ಸೌದೆ ಬೆಂಕಿಗೆ ಥರ್ಮೋಸ್ಟಾಟ್ ಇಲ್ಲ. ಕಾದ ನೀರು ಹಿಗ್ಗಿದರೆ ಎಲ್ಲಿಗಾದರೂ ಹೋಗಬೇಕು. ಗಾಳಿ ಪೈಪಲ್ಲಿ ಕಣಜ ಗೂಡು ಕಟ್ಟಿದ ಮನೆ ಇದು. ಆ ಕಡೆ ಗೂಡು, ಈ ಕಡೆ ಎನ್‌ಆರ್‌ವಿ, ನಲ್ಲಿ ಮುಚ್ಚಿದೆ. ಆಮೇಲೆ?

ಬಿಸಿ ವಾಪಸ್ ಏರುವುದು ನಿಜವಾಗಿಯೂ ತೊಂದರೆ ಕೊಟ್ಟರೆ, ತಣ್ಣೀರ ಪೈಪ್ ಬಾಯ್ಲರ್‌ಗೆ ಸೇರುವ ಮೊದಲು ಒಂದು ಅಡಿ ಕೆಳಗಿಳಿದು ಮತ್ತೆ ಹತ್ತುವ ಹಾಗೆ ಬಾಗಿಸಿದರೆ ಸಾಕು. ಬಿಸಿನೀರು ಕೆಳಮುಖವಾಗಿ ಹೋಗಲು ಒಪ್ಪುವುದಿಲ್ಲ.

ಸೋಲಾರ್‌ಸೀನ:
ಸ್ವಿಂಗ್ ಟೈಪ್ (ಬಾಗಿಲಿನ ಹಾಗೆ ತೂಗುವ) ಹಾಕಿದರೆ ಒತ್ತಡದ ತೊಂದರೆ ಇರುವುದಿಲ್ಲ ಸಾರ್. ಎರಡನೇ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.

ತೋಟದಮನೆ:
ವಾಲ್ ಬಿಚ್ಚಿಸಿದೆ. ತಗಡು ಒಳಗೇ ಕಳಚಿ ಕೂತಿತ್ತು, ಫಿಟ್ಟರ್ ಸಾರ್ ಇಲ್ಲಿ ಬಂದು ನೋಡಿದ ಹಾಗೆ! ಬಾಲ್ ವಾಲ್ ಹಾಕಿ ತೆರೆದರೆ ವಾಲ್‌ವರೆಗೆ ಭರ್ಜರಿ ನೀರು. ಆದರೆ ಬಾಯ್ಲರ್‌ಗೆ ಜೋಡಿಸಿದರೆ ದಾರದ ಹಾಗೆ ಇಳಿಯುತ್ತಿದೆ. ಕಿವಿ ಇಟ್ಟು ಕೇಳಿದರೆ ಸಣ್ಣ ಸದ್ದು ಬರುತ್ತದೆ. ಒಂದು ಬಕೆಟ್ ಬಿಸಿನೀರಿಗೆ ಒಂದು ಗಂಟೆ ಕಾಯಬೇಕೇನೋ.

ಹಳೇಫಿಟ್ಟರ್:
ಬಾಯ್ಲರ್‌ಗೆ ಸೇರುವ ಕೊನೆಯ ನಿಪ್ಪಲ್ (ಜೋಡಿಸುವ ತುಂಡು ಪೈಪ್) ಯಾವುದು? ಜಿಐ ತಾನೇ? ಅದನ್ನು ಬಿಚ್ಚಿ. ಆದರೆ ಹುಷಾರು. ತಾಮ್ರದ ತಗಡು ಮೆತ್ತಗೆ, ರೆಂಚ್ ಹಾಕಿ ಎಳೆದರೆ ಸಾಕೆಟ್ಟಿನ ಬೆಸುಗೆಯೇ ಕಿತ್ತು ಬರುತ್ತದೆ. ಒಂದು ರೆಂಚ್‌ನಿಂದ ಬಾಯ್ಲರ್ ಕಡೆಯ ಸಾಕೆಟ್ ಹಿಡಿದುಕೊಳ್ಳಿ, ಇನ್ನೊಂದರಿಂದ ನಿಪ್ಪಲ್ ತಿರುಗಿಸಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಆದರೂ ಬರದಿದ್ದರೆ ನಿಪ್ಪಲನ್ನು ಹೊರಗೆ ಕತ್ತರಿಸಿ, ಹ್ಯಾಕ್ಸಾ ಬ್ಲೇಡನ್ನು ಒಳಗೆ ಹಾಕಿ ಉದ್ದಕ್ಕೆ ಸೀಳಿ, ಉಳಿಯಿಂದ ಒಳಮುಖ ಮಡಚಿದರೆ ಕಳಚುತ್ತದೆ. ಸಾಕೆಟ್ಟಿನ ಮರೆ (ಥ್ರೆಡ್) ಕೆಡದಷ್ಟೇ ಸೀಳಬೇಕು. ಈ ಕೆಲಸಕ್ಕೆ ಅವಸರದ ಮನುಷ್ಯ ಬೇಡ.

ತೋಟದಮನೆ:
ಸೀಳಿಯೇ ತೆಗೆಯಬೇಕಾಯಿತು. ಅರ್ಧ ಅಡಿ ನಿಪ್ಪಲ್. ಒಂದು ತುದಿ ಹೊಸದರ ಹಾಗಿದೆ. ಬಾಯ್ಲರ್ ಕಡೆಯ ತುದಿಯಲ್ಲಿ ಮಾತ್ರ ಕಿತ್ತಳೆ ಬಣ್ಣದ ತುಕ್ಕು ಗಂಟು ಕಟ್ಟಿ, ಪೆನ್ಸಿಲ್ ಕೂಡ ತೂರದಷ್ಟು ಕಿರಿದಾಗಿದೆ. ಇದರ ಮೇಲೆ ಟ್ಯಾಂಕಿನ ಗಸಿ ಬಂದು ಕೂತಿದೆ. ಒಂದೇ ಪೈಪಿನಲ್ಲಿ ಯಾಕೆ ಒಂದು ಕಡೆ ಮಾತ್ರ ಹೀಗೆ?

ಕೆಮಿಸ್ಟ್ರಿಮೇಷ್ಟ್ರು:
ಇದಕ್ಕೆ ನಾನು ಬಾಯಿ ಹಾಕುತ್ತೇನೆ. ಜಿಐ ಅಂದರೆ ಸತು ಬಳಿದ ಕಬ್ಬಿಣ. ಸತುವನ್ನೂ ತಾಮ್ರವನ್ನೂ ಒಂದಕ್ಕೊಂದು ತಾಗಿಸಿ ನೀರಲ್ಲಿಟ್ಟರೆ ಅದು ಬ್ಯಾಟರಿಯೇ. ಹತ್ತನೇ ತರಗತಿ ಮಕ್ಕಳಿಗೆ ಲ್ಯಾಬಿನಲ್ಲಿ ತೋರಿಸುವುದು ಇದನ್ನೇ. ಮೊದಲು ಸತು ಕರಗುತ್ತದೆ, ಅದು ಮುಗಿದ ಮೇಲೆ ಕಬ್ಬಿಣದ ಸರದಿ. ತಾಮ್ರಕ್ಕೆ ಏನೂ ಆಗುವುದಿಲ್ಲ. ಎರಡು ಲೋಹ ಮುಟ್ಟುವ ಜಾಗದಲ್ಲೇ ಸವೆತ ಜೋರು, ಅದಕ್ಕೇ ನಿಮ್ಮ ನಿಪ್ಪಲ್‌ನ ಆ ತುದಿ ಮಾತ್ರ ಹೋಗಿದೆ. ನೀರಲ್ಲಿ ಉಪ್ಪಿನಂಶ ಜಾಸ್ತಿ ಇದ್ದಷ್ಟೂ ಇದು ಬೇಗ ಆಗುತ್ತದೆ, ಬೋರ್ ನೀರಲ್ಲಿ ಅದಕ್ಕೆ ಕೊರತೆ ಇಲ್ಲ. ಮೇಲಾಗಿ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಪೈಪ್ ಸವೆದು ತೂತು ಬೀಳುವ ಮೊದಲೇ ಒಳಗೆ ಕಟ್ಟಿಕೊಳ್ಳುವುದು ಹೀಗೆ.

ಬಿಸಿನೀರ ಲೈನೂ ಜಿಐ ಆಗಿದ್ದರೆ ಅಲ್ಲೂ ನೋಡಿ. ತಾಮ್ರದಿಂದ ಹೊರಟ ನೀರಿನಲ್ಲಿ ತಾಮ್ರದ ಅಂಶ ಸ್ವಲ್ಪ ಬೆರೆತಿರುತ್ತದೆ. ಅದು ಮುಂದಿನ ಜಿಐ ಮೇಲೆ ಕೂತು ಅಲ್ಲಲ್ಲಿ ಇದೇ ಕೆಲಸ ಶುರು ಮಾಡುತ್ತದೆ.

ಬೋರ್‌ನೀರು:
ಹಾಗಾದರೆ ಸುಣ್ಣ ಅಲ್ಲ ಅಂತಾಯಿತು. ನಾನು ಸೋತೆ. ಆದರೂ ಬಿಚ್ಚಿರುವಾಗಲೇ ಒಳಗೆ ಸ್ವಲ್ಪ ಆಸಿಡ್ ಸುರಿದು ತೊಳೆದುಬಿಡಿ, ಬಚ್ಚಲು ತೊಳೆಯುವ ಆಸಿಡ್ ಸಾಕು.

ಕೆಮಿಸ್ಟ್ರಿಮೇಷ್ಟ್ರು:
ದಯವಿಟ್ಟು ಬೇಡ. ಅದು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣದ ಜೊತೆಗೆ ಸತು, ಹಿತ್ತಾಳೆ ನಲ್ಲಿ, ಬೆಸುಗೆ ಎಲ್ಲವನ್ನೂ ತಿನ್ನುತ್ತದೆ. ಟ್ಯಾಂಕ್ ತೊಳೆದ ಬ್ಲೀಚಿಂಗ್ ಪೌಡರ್ ಉಳಿದಿದ್ದು ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಲೀಟರ್ ನೀರಿಗೆ 50 ಗ್ರಾಂ ಹಾಕಿ, ಬೆಚ್ಚಗಿನ ನೀರಲ್ಲಿ ಕದಡಿ, ತಳ ಮುಳುಗುವಷ್ಟು ತುಂಬಿ ಬಿಡಿ. ಗುಳ್ಳೆ ಬರುವುದು ನಿಂತ ಮೇಲೆ ಚೆಲ್ಲಿ, ಚೆನ್ನಾಗಿ ತೊಳೆಯಿರಿ. ಈ ಹೊತ್ತಿನಲ್ಲಿ ಕೆಳಗೆ ಬೆಂಕಿ ಬೇಡ, ಗಾಳಿ ಪೈಪ್ ತೆರೆದಿರಲಿ.

ತೋಟದಮನೆ:
ಹೊಸ ನಿಪ್ಪಲ್ ಯಾವುದು ಹಾಕಲಿ? ಅಂಗಡಿಯವರು ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್ ಪೈಪ್) ಹಾಕಿ, ತುಕ್ಕಿನ ಮಾತೇ ಇಲ್ಲ ಅಂತಾರೆ.

ಹಳೇಫಿಟ್ಟರ್:
ತುಕ್ಕಿನ ಮಾತಿಲ್ಲ ನಿಜ, ಬೆಂಕಿಯ ಮಾತಿದೆಯಲ್ಲ. ಸಿಪಿವಿಸಿ 90 ಡಿಗ್ರಿ ಆಸುಪಾಸಿನವರೆಗೆ ತಡೆಯುತ್ತದೆ, ಮಾಮೂಲಿ ಪಿವಿಸಿ 60 ದಾಟಿದರೆ ಮೆತ್ತಗಾಗುತ್ತದೆ. ಸೌದೆ ಬಾಯ್ಲರ್‌ನಲ್ಲಿ ನೀರು ಕುದಿಯುವವರೆಗೂ ಹೋಗಬಹುದು, ಪಕ್ಕದಲ್ಲೇ ಕೆಂಡ ಬೇರೆ. ಬಾಯ್ಲರ್‌ಗೆ ತಾಗುವ ತುಂಡು ಹಿತ್ತಾಳೆ ನಿಪ್ಪಲ್ ಆಗಿರಲಿ. ಅಲ್ಲಿಂದ ಎರಡು ಅಡಿ ತಾಮ್ರದ ಪೈಪ್. ಆಮೇಲೆ ನಿಮ್ಮ ಇಷ್ಟ, ಸಿಪಿವಿಸಿ ಹಾಕಿ. ಮರೆಗೆ ಟೆಫ್ಲಾನ್ ಟೇಪ್ ಸಾಕು, ಬಿಗಿಯುವಾಗ ಮತ್ತೆ ಎರಡು ರೆಂಚ್.

ತುಂಬುವ ಕ್ರಮ: ತಳದ ನಲ್ಲಿ ಮುಚ್ಚಿ, ಬಿಸಿನೀರ ನಲ್ಲಿ ತೆರೆದಿಟ್ಟು, ಬಾಲ್ ವಾಲ್ ಅರ್ಧ ತೆರೆಯಿರಿ. ಮೊದಲು ನಲ್ಲಿಯಿಂದ ಗಾಳಿ ಬರುತ್ತದೆ, ಆಮೇಲೆ ನೀರು ಉಗುಳುತ್ತದೆ. ಉಗುಳುವುದು ನಿಂತು ಒಂದೇ ಸಮನೆ ಹರಿದ ಮೇಲಷ್ಟೇ ಬಾಯ್ಲರ್ ತುಂಬಿತು ಅಂತ. ಆಮೇಲೆ ನಾಲ್ಕು ಒಣಗರಿ ಹಾಕಿ ಸಣ್ಣ ಬೆಂಕಿ ಮಾಡಿ, ಜಾಯಿಂಟ್‌ಗಳನ್ನು ಕೈಯಿಂದ ಮುಟ್ಟಿ ನೋಡಿ. ಸರಿ ಇದ್ದರೆ ಮಟ್ಟೆ ಹಾಕಿ.

ರೆಡಿಂಗ್‌ರಾಯ:
ಲಿಂಗಣ್ಣ, ಎರಡನೇ ವಾಲ್ ಲೂಪ್‌ನ ಹಿಂದೆ ಅಡಗಿತ್ತು, ಸ್ಕ್ರೂಡ್ರೈವರ್ ಗೀರಿನದ್ದೇ. ಈಗ 1.3 ಬಾರ್, ಮನೆ ಬೆಚ್ಚಗಿದೆ. ಆದರೆ ಮೊದಲು ಇಳಿದದ್ದು ಯಾಕೆ ಅಂತ ಎಂಜಿನಿಯರ್‌ಗೆ ಹೇಳಿದ್ದೇನೆ.

ಲೀಡ್ಸ್‌ಲಿಂಗ:
ಒಳ್ಳೆಯದು. ರೇಡಿಯೇಟರ್ ವಾಲ್‌ಗಳ ಬುಡದಲ್ಲಿ ಹಸಿರು ಕಲೆ ಇದೆಯಾ ನೋಡಿಡಿ, ಸೋರಿಕೆಯ ಗುರುತು ಅದು. ಬಿಸಿಯಾದಾಗ ಮುಳ್ಳು 3ರ ಹತ್ತಿರ ಹೋಗಿ, ತಣ್ಣಗಾದಾಗ ಕೆಳಗೆ ಬೀಳುತ್ತಿದ್ದರೆ ಎಕ್ಸ್‌ಪಾನ್ಷನ್ ವೆಸೆಲ್ (ಹಿಗ್ಗಿದ ನೀರಿಗೆ ಜಾಗ ಕೊಡುವ ಡಬ್ಬಿ) ಗಾಳಿ ಕಳೆದುಕೊಂಡಿರಬಹುದು. ಅದನ್ನೂ ಅವರಿಗೆ ಹೇಳಿ.

ತೋಟದಮನೆ:
ತುಂಬಿತು! ಹಿತ್ತಾಳೆ ನಿಪ್ಪಲ್, ತಾಮ್ರದ ಪೈಪ್ ಎರಡೂ ಹಾಕಿಸಿದೆ. ನಲ್ಲಿಯಲ್ಲಿ ಮೊದಲಿಗಿಂತ ಜೋರು. ಅಮ್ಮ ಹಂಡೆಯನ್ನು ಮತ್ತೆ ಅಟ್ಟಕ್ಕೆ ಕಳಿಸಿದರು. ಸ್ಟೀಲ್ ಬಾಯ್ಲರ್ ದುಡ್ಡು ಉಳಿಯಿತು.

ಇನ್ನೊಂದೇ ಪ್ರಶ್ನೆ. ಜೋರಾಗಿ ಕಾದಾಗ ಗಾಳಿ ಪೈಪಿನಿಂದ ಮಾಡಿನ ಮೇಲೆ ಸ್ವಲ್ಪ ನೀರು ಚೆಲ್ಲುತ್ತದೆ. ಪಕ್ಕದ ಮನೆಯವರು ಅದಕ್ಕೊಂದು ನಲ್ಲಿ ಕೂರಿಸಿ ಅಂತಾರೆ. ಕಣಜವೂ ಬರಲ್ಲ ಅಂತ ಅವರ ವಾದ.

ಹಳೇಫಿಟ್ಟರ್:
ಪಕ್ಕದ ಮನೆಯವರನ್ನು ಈ ಕೆಲಸದಿಂದ ದೂರ ಇಡಿ. ಆ ಪೈಪಿಗೆ ನಲ್ಲಿ, ವಾಲ್, ಮುಚ್ಚಳ, ಬಟ್ಟೆ ಚಿಂದಿ ಯಾವುದೂ ಬೇಡ. ನಿಮ್ಮ ಬಾಯ್ಲರ್‌ಗೆ ಇರುವ ಸೇಫ್ಟಿ ವಾಲ್ ಅದೊಂದೇ.

ಚೆಲ್ಲುವುದಕ್ಕೆ ಕಾರಣ ಬೇರೆ. ಕಾದ ನೀರು ಹಗುರ, ಕುದಿಯುವ ಹತ್ತಿರಕ್ಕೆ ಬಂದಾಗ ತಣ್ಣೀರಿಗಿಂತ ನೂರಕ್ಕೆ ನಾಲ್ಕರಷ್ಟು. ಹಾಗಾಗಿ ಬಾಯ್ಲರ್‌ನಿಂದ ಟ್ಯಾಂಕಿನ ಮಟ್ಟಕ್ಕೆ ಹತ್ತು ಅಡಿ ಎತ್ತರ ಇದ್ದರೆ, ಗಾಳಿ ಪೈಪಲ್ಲಿ ನೀರು ಟ್ಯಾಂಕಿನ ಮಟ್ಟಕ್ಕಿಂತ ನಾಲ್ಕೈದು ಇಂಚು ಮೇಲೆ ನಿಲ್ಲಬಹುದು. ನಿಮ್ಮ ಪೈಪಿನ ತುದಿ ಟ್ಯಾಂಕಿನ ಮಟ್ಟಕ್ಕೇ ಇರಬೇಕು. ಒಂದೂವರೆ ಅಡಿ ಏರಿಸಿ. ತುದಿಯನ್ನು ಕೊಡೆ ಹಿಡಿಕೆಯ ಹಾಗೆ ಕೆಳಕ್ಕೆ ಬಾಗಿಸಿ, ಜನ ಓಡಾಡುವ ಕಡೆಗೆ ಮುಖ ಮಾಡದಿರಲಿ.

ಮಲೆನಾಡಗಿತ್ತಿ:
ಕಣಜಕ್ಕೆ ನಾವು ಹಿತ್ತಾಳೆ ಜಾಲರಿ ಕಟ್ಟಿದ್ದೇವೆ, ಅಗಲ ಕಣ್ಣಿನದು. ಸೊಳ್ಳೆ ಪರದೆಯ ನೈಲಾನ್ ಕಟ್ಟಬೇಡಿ. ಹಬೆಗೆ ಸುರುಟಿ ಬಾಯಿ ಕಟ್ಟುತ್ತದೆ, ಸುಣ್ಣವೂ ಬೇಗ ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಜನ ಹತ್ತಿದಾಗ ಅದನ್ನೂ ಬಿಚ್ಚಿ ಒಂದು ಸಲ ಊದಿ ನೋಡಲು ಹೇಳಿ.